ಆ ಪಾಪದವನಿಗೆ ಒಂದು ಪಂಚೆ ಕೊಡ್ರೋ

ಕುಳ್ಳನ ಮದುವೆಯ ಹಿಂದಿನ ರಾತ್ರಿ. 2010ನೇ ಇಸವಿ, ತಿಪಟೂರಿನ ಒಂದು ಛತ್ರ. ವರಪೂಜೆ ಮುಗಿದಿತ್ತು, ಊಟ ಆಗಿತ್ತು, ಹೆಂಗಸರೆಲ್ಲ ಕೆಳಗಿನ ರೂಮುಗಳಲ್ಲಿ ಚಿಲಕ ಹಾಕಿಕೊಂಡಿದ್ದರು. ಹಿತ್ತಲಲ್ಲಿ ಅಡುಗೆಯವರು ನಾಳೆಯ ತರಕಾರಿ ಹೆಚ್ಚುವ ಸದ್ದು ಮಾತ್ರ ಕೇಳುತ್ತಿತ್ತು. ಬೆಂಗಳೂರಿನಿಂದ ಹೋಗಿದ್ದ ನಾವು ಮೂರು ಜನ ರೂಮ್‌ಮೇಟ್‌ಗಳು ಮಹಡಿಯ ಹಾಲಿನಲ್ಲಿ ಜಮಖಾನ ಹಾಸಿಕೊಂಡು ಬಿದ್ದಿದ್ದೆವು. ನಾಲ್ಕನೆಯವನೇ ಮದುಮಗ. ಅವನು ನಮ್ಮ ಪಕ್ಕದಲ್ಲೇ ಗೊರಕೆ ಹೊಡೆಯುತ್ತಿದ್ದ. ಅಂದ ಹಾಗೆ ಕುಳ್ಳ ಅಂದರೆ ಆರಡಿ ಎರಡಿಂಚಿನ ಆಸಾಮಿ. ಪಿಜಿಯಲ್ಲಿ ಹೆಸರಿಡುವವರ ಬುದ್ಧಿ ನಿಮಗೂ ಗೊತ್ತು.

ಇಸ್ಪೀಟು ಆಡಿ ಬೇಜಾರಾಯಿತು. ಒಬ್ಬ ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದ. ಪೆನ್‌ಡ್ರೈವ್‌ನಲ್ಲಿ 'ದಿ ಹ್ಯಾಂಗೋವರ್' ಇತ್ತು. ನಾವು ಆಗಲೇ ಎರಡು ಸಲ ನೋಡಿದ್ದ ಸಿನಿಮಾ. ಮದುವೆ ಹಿಂದಿನ ದಿನ ನೋಡದೆ ಇನ್ಯಾವಾಗ ನೋಡೋದು ಅಂತ ಸೌಂಡ್ ಕಮ್ಮಿ ಮಾಡಿ ಹಚ್ಚಿದೆವು. ಮೂವರು ಸ್ನೇಹಿತರು ಕಾರಿನ ಡಿಕ್ಕಿ ತೆಗೆಯುತ್ತಾರೆ, ಒಳಗಿನಿಂದ ಮೈಮೇಲೆ ಒಂದು ಎಳೆ ನೂಲೂ ಇಲ್ಲದ ಮನುಷ್ಯ ಹಾರಿ ಬರುತ್ತಾನೆ. ಸರಿಯಾಗಿ ಅದೇ ಹೊತ್ತಿಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಕುಳ್ಳನ ಸೋದರಮಾವ. ಅರವತ್ತು ದಾಟಿದ, ತೆಂಗಿನ ತೋಟದ ದೊಡ್ಡ ಮನುಷ್ಯ. ಲೈಟು ಯಾಕೆ ಉರೀತಿದೆ ಅಂತ ನೋಡಲು ಬಂದಿದ್ದರು.

ಲ್ಯಾಪ್‌ಟಾಪ್ ಮುಚ್ಚೋಣ ಅಂದರೆ ಕೈ ಏಳಲಿಲ್ಲ. ಅವರು ಬಗ್ಗಿ ಪರದೆ ನೋಡಿದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಲೇ, ಆ ಪಾಪದವನಿಗೆ ಯಾರಾದ್ರೂ ಒಂದು ಪಂಚೆ ಕೊಡ್ರೋ" ಅಂದರು.

ನಮಗೆ ಉಸಿರು ವಾಪಸ್ ಬಂತು. "ಇವರೆಲ್ಲ ಯಾಕೆ ಹಿಂಗೆ ಅಲೀತಾವ್ರೆ?" ಅಂತ ಕೇಳಿದರು. "ಮದುಮಗ ಕಳೆದುಹೋಗಿದಾನೆ ಮಾವ, ಹುಡುಕ್ತಿದಾರೆ" ಅಂದೆ. "ಮುಹೂರ್ತ ಯಾವಾಗ?" "ನಾಳೆ." "ಅಯ್ಯೋ ಶಿವನೇ" ಅಂತ ಜಮಖಾನದ ಅಂಚಿನಲ್ಲಿ ಕೂತೇಬಿಟ್ಟರು. ಒಂದು ಸಲ ತಿರುಗಿ ಕುಳ್ಳ ಇದ್ದಾನಾ ಅಂತಲೂ ನೋಡಿದರು. ಹೋಟೆಲ್ ಮಹಡಿಯ ಮೇಲೆ ಮದುಮಗ ಬಿಸಿಲಲ್ಲಿ ಕೆಂಪಾಗಿ ಸಿಗುವವರೆಗೂ ಏಳಲಿಲ್ಲ. ಅವನನ್ನು ಮಂಟಪಕ್ಕೆ ತಲುಪಿಸಿದ ಮೇಲೆ, "ಸದ್ಯ" ಅಂತ ಹೇಳಿ ಎದ್ದು ಹೋದರು. ಕೊನೆಯಲ್ಲಿ ಬರುವ ಫೋಟೋಗಳನ್ನು ಅವರು ನೋಡಲಿಲ್ಲ. ಒಳ್ಳೆಯದೇ ಆಯಿತು ಬಿಡಿ.

ಈ ಜಾತಿಯ ಸಿನಿಮಾಗಳಿಗೆ ಏನು ಹೆಸರಿಡೋದು? ಅಶ್ಲೀಲ ಅನ್ನೋದು ಕೋರ್ಟಿನ ಮಾತು. ನಮ್ಮಲ್ಲಿ ಚೆಂದದ ಒಂದು ಪದ ಇದೆ, ಪೋಲಿ. ಪೋಲಿ ಅನ್ನುವಾಗ ಬೈಗುಳದ ಜೊತೆ ಒಂದು ಚೂರು ಮುದ್ದೂ ಇರುತ್ತದೆ. ಇಬ್ಬರೋ ಮೂವರೋ ಗೆಳೆಯರು, ಒಂದು ರಾತ್ರಿ ಅಥವಾ ಒಂದು ಪ್ರವಾಸ, ಬಾಯಿ ತೆಗೆದರೆ ಕೊಳಕು ಮಾತು, ಕೊನೆಗೆ ಒಂದು ಅಪ್ಪುಗೆ. ಹಾಲಿವುಡ್ಡಿನ ಪೋಲಿ ಗೆಳೆಯರ ಸಿನಿಮಾ. ನಾನು ಇವುಗಳನ್ನು ಹದಿನೈದು ವರ್ಷಕ್ಕೂ ಜಾಸ್ತಿ ಕಾಲದಿಂದ ನೋಡುತ್ತಾ ಬಂದಿದ್ದೇನೆ. ಒಳ್ಳೆಯವು, ಕೆಟ್ಟವು, ತೀರಾ ಕೆಟ್ಟವು, ಎಲ್ಲ. ಇತ್ತೀಚಿನವನ್ನು ನೋಡುವಾಗೆಲ್ಲ ಆ ಮಾವನ ಪಂಚೆಯ ಮಾತು ನೆನಪಾಗುತ್ತದೆ. ನಾವು ಮೂವರು ಒಬ್ಬ ಬೆತ್ತಲೆ ಮನುಷ್ಯನನ್ನು ನೋಡಿ ನಕ್ಕಿದ್ದೆವು. ಅವರು ಮಾನ ಹೋದ ಮನುಷ್ಯನನ್ನು ನೋಡಿದ್ದರು. ಸಿನಿಮಾ ನಿಂತಿರೋದು ಅವರು ನೋಡಿದ್ದರ ಮೇಲೆ ಅಂತ ಈಗ ಅನ್ನಿಸುತ್ತದೆ. ಮಾನ ಹೋಗಬೇಕಾದರೆ ಮೊದಲು ಅದು ಇರಬೇಕು ತಾನೆ? ಕಳೆದುಕೊಳ್ಳಲು ಮರ್ಯಾದೆಯೇ ಇಲ್ಲದವನು ಬಟ್ಟೆ ಬಿಚ್ಚಿದರೆ ನಗು ಬರೋದಿಲ್ಲ, ಚಳಿಯಾಗುತ್ತದಾ ಅಂತ ಯೋಚನೆ ಬರುತ್ತದೆ.

'ಹ್ಯಾಂಗೋವರ್' ಅನ್ನೇ ತೆಗೆದುಕೊಳ್ಳಿ. 2009ರಲ್ಲಿ ಬಂದದ್ದು, ಟಾಡ್ ಫಿಲಿಪ್ಸ್ ನಿರ್ದೇಶನ. ಸುಮಾರು 3.5 ಕೋಟಿ ಡಾಲರ್ ಖರ್ಚಿನಲ್ಲಿ ತೆಗೆದ ಸಿನಿಮಾ ಜಗತ್ತಿನಾದ್ಯಂತ 46 ಕೋಟಿ ಡಾಲರ್ ಮೀರಿ ಗಳಿಸಿತು. ಜನ ಇದನ್ನು ಕುಡಿತದ ಸಿನಿಮಾ ಅಂತ ನೆನಪಿಟ್ಟುಕೊಂಡಿದ್ದಾರೆ. ಆದರೆ ಕುಡಿದ ರಾತ್ರಿಯನ್ನು ಸಿನಿಮಾ ತೋರಿಸೋದೇ ಇಲ್ಲ. ತೋರಿಸೋದು ಮರುದಿನ ಬೆಳಗ್ಗೆಯನ್ನು. ಬಾತ್‌ರೂಮಿನಲ್ಲಿ ಹುಲಿ, ಬೀರುವಿನಲ್ಲಿ ಮಗು, ಒಬ್ಬನ ಬಾಯಲ್ಲಿ ಹಲ್ಲಿಲ್ಲ. ಹಲ್ಲು ಹೋಗಿರೋದು ಯಾರಿಗೆ? ಸ್ಟೂ ಅನ್ನುವ ದಂತವೈದ್ಯನಿಗೆ. ತನ್ನನ್ನು ಡಾಕ್ಟರ್ ಅಂತಲೇ ಕರೆಯಬೇಕು ಅನ್ನುವ ಮನುಷ್ಯನಿಗೆ. ಬೇರೆ ಯಾರಿಗಾದರೂ ಹಲ್ಲು ಹೋಗಿದ್ದರೆ ಅದು ಬರೀ ಪೆಟ್ಟು. ಆ ಪಾತ್ರ ಮಾಡಿದ ಎಡ್ ಹೆಲ್ಮ್ಸ್‌ಗೆ ನಿಜಕ್ಕೂ ಅಲ್ಲೊಂದು ಹಲ್ಲು ಬೆಳೆದಿರಲೇ ಇಲ್ಲ. ಹಾಕಿಸಿಕೊಂಡಿದ್ದ ಕೃತಕ ಹಲ್ಲನ್ನು ಶೂಟಿಂಗಿಗಾಗಿ ತೆಗೆಸಿದ್ದರು.

ಡಿಕ್ಕಿಯಿಂದ ಹಾರಿದ ಆ ಬೆತ್ತಲೆ ಮನುಷ್ಯನ ಕಥೆ ನನಗೆ ಗೊತ್ತಾದದ್ದು ಬಹಳ ತಡವಾಗಿ. ಆ ನಟನ ಹೆಸರು ಕೆನ್ ಜಿಯಾಂಗ್. ಓದಿದ್ದು ವೈದ್ಯಕೀಯ. ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದವರು ನಟನೆಗೆ ಬಂದರು. ಆ ಸಿನಿಮಾ ಶೂಟಿಂಗ್ ನಡೆಯುವಾಗ ಅವರ ಹೆಂಡತಿಗೆ ಸ್ತನ ಕ್ಯಾನ್ಸರಿನ ಚಿಕಿತ್ಸೆ ನಡೆಯುತ್ತಿತ್ತು. ಆ ಹುಚ್ಚಾಟದ ಪಾತ್ರವೇ ತನಗೆ ಔಷಧಿಯಂತಿತ್ತು ಅಂತ ಅವರು ಆಮೇಲೆ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹೆಂಡತಿ ವಿಯೆಟ್ನಾಂ ಮೂಲದವರು. ಅವರನ್ನು ನಗಿಸಲಿಕ್ಕೆ ಅಂತಲೇ ತನ್ನ ಮಾತಿನ ನಡುವೆ ವಿಯೆಟ್ನಾಮಿ ಪದಗಳನ್ನು ತುರುಕಿದ್ದರಂತೆ. ಇಡೀ ಜಗತ್ತು ಅವನ ಮೈ ನೋಡಿ ನಗುತ್ತಿರುವಾಗ, ಆ ಮನುಷ್ಯ ಮಾಡುತ್ತಿದ್ದದ್ದು ಚಿಕಿತ್ಸೆಯಲ್ಲಿದ್ದ ಹೆಂಡತಿಗೆ ಒಂದು ತಮಾಷೆ. ಇದನ್ನು ಓದಿದ ದಿನ ಆ ಸೀನನ್ನು ಮತ್ತೆ ಹಾಕಿ ನೋಡಿದೆ. ನಗು ಕಮ್ಮಿಯಾಗಲಿಲ್ಲ. ಆದರೆ ಪಂಚೆ ಕೊಡಬೇಕು ಅನ್ನಿಸಿದ್ದು ಮಾತ್ರ ನಿಜ.

ಹಾಗಂತ ಆ ಸಿನಿಮಾ ಈಗ ಪೂರ್ತಿ ಸಲೀಸಾಗಿ ನೋಡಿಸಿಕೊಳ್ಳುತ್ತದೆ ಅಂತಲ್ಲ. ಸಲಿಂಗಿಗಳನ್ನು ಬೈಯುವ ಪದ ಅದರಲ್ಲಿ ಹಾಸ್ಯ ಅಂತ ಬರುತ್ತದೆ. ಆಗ ನಾವೂ ನಕ್ಕಿದ್ದೆವು. ಏಷ್ಯಾದವನ ಉಚ್ಚಾರಣೆಯೇ ಒಂದು ಜೋಕು. ಹೆಂಗಸರಿಗೆ ಕೆಲಸವೇ ಇಲ್ಲ. ಒಬ್ಬಳು ಫೋನಿನಲ್ಲಿ ಬೈಯುತ್ತಾಳೆ, ಇನ್ನೊಬ್ಬಳು ಮದುವೆ ಸೀರೆ, ಅಲ್ಲ, ಗೌನು ಉಟ್ಟು ಕಾಯುತ್ತಾಳೆ. 2011ರಲ್ಲಿ ಬಂದ ಎರಡನೇ ಭಾಗ ಅದೇ ಕಥೆಯನ್ನು ಬ್ಯಾಂಕಾಕಿಗೆ ಒಯ್ದು ಮತ್ತೆ ಹೇಳಿತು. ಹಲ್ಲಿನ ಬದಲು ಮುಖದ ಮೇಲೆ ಹಚ್ಚೆ. ನನಗೆ ಅದು ನಿನ್ನೆಯ ಉಪ್ಪಿಟ್ಟು ಬಿಸಿ ಮಾಡಿದ ಹಾಗೆ ಅನ್ನಿಸಿತು.

ಈ ಸಿನಿಮಾಗಳಲ್ಲಿ ನನಗೆ ಹೆಚ್ಚು ಇಷ್ಟವಾದದ್ದು 2007ರ 'ಸೂಪರ್‌ಬ್ಯಾಡ್'. ಸೇತ್ ರೋಗನ್ ಮತ್ತು ಇವಾನ್ ಗೋಲ್ಡ್‌ಬರ್ಗ್ ಹದಿಮೂರನೇ ವಯಸ್ಸಿನ ಆಸುಪಾಸಿನಲ್ಲಿ ಬರೆಯಲು ಶುರು ಮಾಡಿದ ಕಥೆ ಅದು. ಇಬ್ಬರು ನಾಯಕರಿಗೂ ತಮ್ಮದೇ ಹೆಸರು ಇಟ್ಟಿದ್ದಾರೆ. ಸ್ಕೂಲು ಮುಗಿಯುತ್ತಿದೆ, ಇಬ್ಬರೂ ಬೇರೆ ಬೇರೆ ಕಾಲೇಜಿಗೆ ಹೋಗಬೇಕು. ಅದನ್ನು ಬಾಯಿಬಿಟ್ಟು ಹೇಳಲಾಗದೆ ಇಡೀ ಸಿನಿಮಾ ಹುಡುಗಿಯರ ಬಗ್ಗೆ ಕೊಳಕು ಮಾತಾಡುತ್ತಾರೆ. ಕೊನೆಯ ಸೀನಿನಲ್ಲಿ ಮಾಲ್ ಒಂದರ ಎಸ್ಕಲೇಟರ್. ಒಬ್ಬ ಕೆಳಗೆ ಇಳಿಯುತ್ತಾ ಹಿಂತಿರುಗಿ ನೋಡುತ್ತಾನೆ. ಅಷ್ಟು ಹೊತ್ತು ಬಾಯಿ ಮುಚ್ಚದವನು ಆಗ ಒಂದು ಮಾತೂ ಆಡೋದಿಲ್ಲ. ನಾನು ಪಿಜಿ ಖಾಲಿ ಮಾಡಿದ ದಿನ ಕುಳ್ಳ ನನ್ನ ಸೂಟ್‌ಕೇಸನ್ನು ಆಟೋಗೆ ಇಟ್ಟು, "ಹೋಗಲೇ ಗೂಬೆ" ಅಂದಿದ್ದ. ಅಷ್ಟೇ.

ಹುಡುಗರಿಗೆ ಮಾತ್ರ ಇದು ಗೊತ್ತಾ? 2011ರಲ್ಲಿ 'ಬ್ರೈಡ್ಸ್‌ಮೇಡ್ಸ್' ಬಂದಾಗ ಅಮೆರಿಕದಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಕೇಳಿದರು. ಹೆಂಗಸರು ಪೋಲಿ ಹಾಸ್ಯ ಮಾಡಿದರೆ ಟಿಕೆಟ್ ಮಾರುತ್ತದಾ ಅಂತ. ಮಾರಿತು. ಕ್ರಿಸ್ಟನ್ ವಿಗ್ ಮತ್ತು ಆ್ಯನಿ ಮುಮೊಲೊ ಬರೆದ ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. ಎಲ್ಲರೂ ನೆನಪಿಟ್ಟುಕೊಂಡಿರೋದು ಮದುವೆ ಬಟ್ಟೆ ಅಂಗಡಿಯ ಸೀನು. ಸುಮಾರಾದ ಒಂದು ಹೋಟೆಲಿನಲ್ಲಿ ತಿಂದು ಬಂದಿರುತ್ತಾರೆ, ದುಬಾರಿ ಅಂಗಡಿಯ ಬಿಳೀ ಕಾರ್ಪೆಟ್ಟಿನ ಮೇಲೆ ಎಲ್ಲರ ಹೊಟ್ಟೆಯೂ ಕೈಕೊಡುತ್ತದೆ. ವಾಂತಿ, ಭೇದಿ, ಎಲ್ಲ ಆಗುತ್ತದೆ. ಆದರೆ ನನಗೆ ಆ ಸೀನಿನಲ್ಲಿ ಎಲ್ಲಕ್ಕಿಂತ ನಗು ಬಂದದ್ದು ವಾಂತಿ ಮಾಡದವಳನ್ನು ನೋಡಿ. ಹೋಟೆಲ್ ಆರಿಸಿದವಳು ಮದುಮಗಳ ಗೆಳತಿ, ಸಿನಿಮಾದ ನಾಯಕಿ ಆ್ಯನಿ. ತನಗೇನೂ ಆಗಿಲ್ಲ ಅಂತ ಸಾಧಿಸಬೇಕು. ಎದುರಿಗೆ ಅವಳ ಶ್ರೀಮಂತ ಪ್ರತಿಸ್ಪರ್ಧಿ ಒಂದು ಸಕ್ಕರೆ ಲೇಪಿಸಿದ ಬಾದಾಮಿ ಚಾಚುತ್ತಾಳೆ. ಮುಖ ಬೂದಿ ಬಣ್ಣಕ್ಕೆ ತಿರುಗಿದೆ, ಬೆವರು ಇಳಿಯುತ್ತಿದೆ. ಆದರೂ ತೆಗೆದುಕೊಂಡು ಅಗಿಯುತ್ತಾಳೆ.

ಆ ಬಾದಾಮಿಯ ಹಿಂದೆ ಒಂದು ಕಥೆ ಇದೆ. ಆ್ಯನಿ ಕೇಕಿನ ಅಂಗಡಿ ಇಟ್ಟಿದ್ದಳು, ಆರ್ಥಿಕ ಹಿಂಜರಿತದಲ್ಲಿ ಮುಚ್ಚಿಹೋಯಿತು. ಗೆಳತಿ ಮೇಲೆ ಹೋಗುತ್ತಿದ್ದಾಳೆ, ಇವಳು ಕೆಳಗೆ. ಉಳಿದಿರೋದು ಒಂದು ಚೂರು ಮರ್ಯಾದೆ, ಅದೂ ಈಗ ಹೊಟ್ಟೆಯೊಳಗೆ ಕುದಿಯುತ್ತಿದೆ. ಬರೆದವರಿಗೆ ಇದು ಗೊತ್ತಿತ್ತು. 2017ರ 'ಗರ್ಲ್ಸ್ ಟ್ರಿಪ್' ಬರೆದವರಿಗೂ ಗೊತ್ತಿತ್ತು. ಅದರಲ್ಲಿ ರಸ್ತೆಯ ಮೇಲಿನ ತಂತಿಗೆ ಸಿಕ್ಕಿಕೊಂಡು ಮೂತ್ರ ಬಿಟ್ಟುಕೊಳ್ಳುವವಳು ನಾಲ್ವರು ಗೆಳತಿಯರಲ್ಲಿ ಎಲ್ಲರಿಗಿಂತ ಶಿಸ್ತಿನ, ಮಕ್ಕಳ ತಾಯಿ. ಎಲ್ಲರಿಗಿಂತ ಪೋಲಿಯಾದವಳಿಗೆ ಮೊದಲು ಹಾಗಾಗಿದ್ದರೆ ಯಾರೂ ನಗುತ್ತಿರಲಿಲ್ಲ.

ನಮ್ಮಲ್ಲಿ ಇದು ಇಲ್ಲವಾ ಅಂತ ಕೇಳಬಹುದು. ನಮ್ಮದು ಡಬಲ್ ಮೀನಿಂಗ್. ಅಲ್ಲಿ ಹೇಳುವವನು ಜಾಣ. ಕೇಳಿ ನಕ್ಕವರೇ ಪೋಲಿಗಳು. "ನಾನು ಬಾಳೆಹಣ್ಣಿನ ಬಗ್ಗೆ ಹೇಳಿದ್ದು, ನಿನ್ನ ತಲೆ ಎಲ್ಲಿಗೋ ಓಡಿತು" ಅಂತ ಕೈ ತೊಳೆದುಕೊಳ್ಳಬಹುದು. ಹಾಲಿವುಡ್ಡಿನ ಈ ಸಿನಿಮಾಗಳಲ್ಲಿ ಇರೋದು ಸಿಂಗಲ್ ಮೀನಿಂಗ್. ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ನಮ್ಮಲ್ಲಿ ಆ ದಾರಿಗೆ ಹತ್ತಿರ ಹೋದವರು ಅಂದರೆ ಕಾಶೀನಾಥ್. 1984ರ 'ಅನುಭವ'ದಿಂದ ಮುಂದೆ ಅವರು ಆಡಿದ ಪಾತ್ರಗಳನ್ನು ನೆನಪಿಸಿಕೊಳ್ಳಿ. ಹೀರೋ ಅಲ್ಲದ ಹೀರೋ, ಪುಕ್ಕಲು ಮುಖ, ಏನೋ ಆಸೆ, ಅದಕ್ಕಿಂತ ಹೆಚ್ಚು ಹೆದರಿಕೆ. ಮನೆಯವರ ಎದುರು ಅವರ ಸಿನಿಮಾದ ಹೆಸರು ಹೇಳಲು ನಾಚಿಕೊಳ್ಳುತ್ತಿದ್ದ ಕಾಲವೊಂದಿತ್ತು. ಆದರೆ ಆ ಮುಖದಲ್ಲಿ ಮರ್ಯಾದೆ ಹೋಗುವ ಭಯ ಎಷ್ಟು ಇತ್ತೋ ನೋಡಿ. ಅದಕ್ಕೇ ಈಗಲೂ ನಗು ಬರೋದು.

ಸರಿ, ಹಾಲಿವುಡ್ಡಿಗೆ ವಾಪಸ್ ಬರೋಣ.

2010ರ ಆಚೀಚೆ ವರ್ಷಕ್ಕೆ ಹತ್ತಾರು ಬರುತ್ತಿದ್ದ ಈ ಸಿನಿಮಾಗಳು ಥಿಯೇಟರಿನಿಂದ ನಿಧಾನವಾಗಿ ಕಮ್ಮಿಯಾದವು. ಯಾಕೆ ಅಂತ ಕೇಳಿದರೆ ಈಗಿನವರಿಗೆ ತಮಾಷೆ ಸಹಿಸೋಕಾಗಲ್ಲ ಅಂತ ಥಟ್ಟನೆ ಹೇಳುವವರು ಇದ್ದಾರೆ. ಟಾಡ್ ಫಿಲಿಪ್ಸ್ ಕೂಡ ಹೆಚ್ಚು ಕಡಿಮೆ ಅದೇ ಮಾತು ಹೇಳಿ 'ಜೋಕರ್' ಕಡೆ ಹೋದರು. ನನಗೆ ಆ ಉತ್ತರ ಪೂರ್ತಿ ಒಪ್ಪಿಗೆ ಇಲ್ಲ. ಲೆಕ್ಕದ ಪುಸ್ತಕವನ್ನೂ ಸ್ವಲ್ಪ ನೋಡಬೇಕು. ಮೊದಲೆಲ್ಲ ಇಂಥ ಸಿನಿಮಾ ಥಿಯೇಟರಿನಲ್ಲಿ ಅಷ್ಟಕ್ಕಷ್ಟೇ ಓಡಿದರೂ ಡಿವಿಡಿಯಲ್ಲಿ ಎರಡನೇ ಬಾರಿ ದುಡಿಯುತ್ತಿತ್ತು. ಥಿಯೇಟರಿನಲ್ಲಿ ಕತ್ತರಿಸಿದ್ದನ್ನು ಸೇರಿಸಿ 'ಅನ್‌ರೇಟೆಡ್' ಅಂತ ದೊಡ್ಡದಾಗಿ ಅಚ್ಚು ಹಾಕಿ ಮಾರುತ್ತಿದ್ದರು. ನಮ್ಮ ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲೂ ಆ ಪದಕ್ಕೆ ಬೆಲೆ ಇತ್ತು. ಆ ಡಿವಿಡಿ ದುಡ್ಡು ನಿಂತುಹೋದದ್ದೇ ಮಧ್ಯಮ ಗಾತ್ರದ ಸಿನಿಮಾಗಳಿಗೆ ದೊಡ್ಡ ಏಟು ಅಂತ ನಟ ಮ್ಯಾಟ್ ಡೇಮನ್ 2021ರಲ್ಲಿ ಒಂದು ಸಂದರ್ಶನದಲ್ಲಿ ಬಿಡಿಸಿ ಹೇಳಿದ್ದರು. ಜೊತೆಗೆ ಇನ್ನೊಂದು. ಆ್ಯಕ್ಷನ್ ಸಿನಿಮಾದಲ್ಲಿ ಕಟ್ಟಡ ಬೀಳುವುದು ಬೀಜಿಂಗಿನಲ್ಲೂ ಅರ್ಥವಾಗುತ್ತದೆ. ಅಮೆರಿಕದ ಬೈಗುಳ ಅಲ್ಲಿಗೆ ಹೋಗುವಷ್ಟರಲ್ಲಿ ತಣ್ಣಗಾಗಿರುತ್ತದೆ. ಹೊರದೇಶದ ಗಳಿಕೆ ಮುಖ್ಯವಾದ ಹಾಗೆ ಸ್ಟುಡಿಯೋಗಳು ಕಟ್ಟಡ ಬೀಳಿಸುವುದನ್ನೇ ಆರಿಸಿಕೊಂಡವು.

ತೆಗೆಯುತ್ತಿದ್ದವರೂ ಜಾಗ ಖಾಲಿ ಮಾಡಿದರು. 'ಸ್ಟೆಪ್ ಬ್ರದರ್ಸ್' ಮಾಡಿದ್ದ ಆ್ಯಡಮ್ ಮೆಕೇ 2015ರಲ್ಲಿ 'ದಿ ಬಿಗ್ ಶಾರ್ಟ್' ಮಾಡಿ ಚಿತ್ರಕಥೆಗೆ ಆಸ್ಕರ್ ಪಡೆದರು. ತಮ್ಮನ ಜೊತೆ ಸೇರಿ 'ಡಂಬ್ ಆ್ಯಂಡ್ ಡಂಬರ್' ಮಾಡಿದ್ದ ಪೀಟರ್ ಫ್ಯಾರೆಲಿ 2018ರ 'ಗ್ರೀನ್ ಬುಕ್'ಗೆ ಅತ್ಯುತ್ತಮ ಚಿತ್ರದ ಆಸ್ಕರ್ ತಂದರು. ಪೋಲಿ ಹುಡುಗರೆಲ್ಲ ದೊಡ್ಡವರಾಗಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡ ಹಾಗೆ.

ಫ್ಯಾರೆಲಿ ಮತ್ತೆ ಹಳೆಯ ಬೀದಿಗೆ ಬಂದದ್ದು 2024ರಲ್ಲಿ, 'ರಿಕಿ ಸ್ಟಾನಿಕಿ' ಅನ್ನುವ ಸಿನಿಮಾದೊಂದಿಗೆ. ನೇರ ಪ್ರೈಮ್ ವಿಡಿಯೋಗೆ. ಮೂವರು ಗೆಳೆಯರು ಚಿಕ್ಕವರಿದ್ದಾಗ ಒಂದು ತಪ್ಪು ಮಾಡಿ, ಇಲ್ಲದ ಒಬ್ಬ ಹುಡುಗನ ಮೇಲೆ ಹಾಕುತ್ತಾರೆ. ದೊಡ್ಡವರಾದ ಮೇಲೂ ಮನೆಯಿಂದ ತಪ್ಪಿಸಿಕೊಳ್ಳಲು ಅವನದೇ ಹೆಸರು. ಮನೆಯವರಿಗೆ ಅನುಮಾನ ಬಂದಾಗ ಆ ಪಾತ್ರ ಮಾಡಲು ಒಬ್ಬ ಸೋತ, ಕುಡುಕ ಸ್ಟೇಜ್ ನಟನನ್ನು ಬಾಡಿಗೆಗೆ ಕರೆತರುತ್ತಾರೆ. ಒಳ್ಳೆಯ ಎಳೆ, ಅಲ್ವಾ? ಆದರೆ ಮೂವರು ಗೆಳೆಯರೂ ಸಪ್ಪೆ. ಒಳ್ಳೆ ಮನೆ, ಒಳ್ಳೆ ಕೆಲಸ, ಸಿಕ್ಕಿಬಿದ್ದರೆ ಎರಡು ದಿನ ಮಾತು ಬಿಡುತ್ತಾರೆ ಅಷ್ಟೇ. ಸಿನಿಮಾ ಉಸಿರಾಡೋದು ಬಾಡಿಗೆಯ ನಟನಾಗಿ ಬರುವ ಜಾನ್ ಸೀನಾ ಇದ್ದಾಗ ಮಾತ್ರ. ಹಾಡುಗಳಿಗೆ ಪೋಲಿ ಸಾಹಿತ್ಯ ಕಟ್ಟಿ ಖಾಲಿ ಬಾರಿನಲ್ಲಿ ಹಾಡುತ್ತಿದ್ದವನಿಗೆ ಇದ್ದಕ್ಕಿದ್ದಂತೆ ಒಂದು ಕುಟುಂಬ ಗೌರವ ಕೊಡುತ್ತದೆ. ಅದನ್ನು ಅವನು ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದನ್ನು ನೋಡಬೇಕು. ಅಷ್ಟು ದೊಡ್ಡ ಮೈಯ ಮನುಷ್ಯ ಮಗುವಿನ ಹಾಗೆ ಕಾಣುತ್ತಾನೆ. ಉಳಿದದ್ದನ್ನು ಫಾಸ್ಟ್ ಫಾರ್ವರ್ಡ್ ಮಾಡಿದರೆ ನಷ್ಟವಿಲ್ಲ.

ಹಾಗಾದರೆ ಈಗ ಥಿಯೇಟರಿನಲ್ಲಿ ಈ ಹಾಸ್ಯ ಸತ್ತೇ ಹೋಯಿತಾ? ಇಲ್ಲ, ವೇಷ ಬದಲಿಸಿತು. 2024ರ ಸೂಪರ್‌ಹೀರೋ ಸಿನಿಮಾ 'ಡೆಡ್‌ಪೂಲ್ ಆ್ಯಂಡ್ ವುಲ್ವರಿನ್' 133 ಕೋಟಿ ಡಾಲರ್‌ನಷ್ಟು ಗಳಿಸಿತು. ಮುಖವಾಡ ತೆಗೆದು ನೋಡಿ, ಒಳಗೆ ಇರೋದು ಇಬ್ಬರು ಗಂಡಸರು ಬೈದುಕೊಂಡು, ಹೊಡೆದಾಡಿ, ಕೊನೆಗೆ ಒಟ್ಟಿಗೆ ಊಟಕ್ಕೆ ಕೂರುವ ಅದೇ ಕಥೆ. ಅಮೆರಿಕದಲ್ಲಿ ಆರ್ ರೇಟಿಂಗ್, ಅಂದರೆ 17 ತುಂಬದವರು ದೊಡ್ಡವರ ಜೊತೆ ಬರಬೇಕು. ನಮ್ಮಲ್ಲಿ ಎ. ನನ್ನ ಪಕ್ಕದ ಸೀಟಿನ ಹುಡುಗರು ಮೊದಲ ಅರ್ಧ ಗಂಟೆ ಬಿದ್ದು ಬಿದ್ದು ನಕ್ಕರು. ನನಗೆ ಹತ್ತು ನಿಮಿಷಕ್ಕೇ ಸಾಕಾಯಿತು. ಡೆಡ್‌ಪೂಲ್‌ಗೆ ನಾಚಿಕೆ ಅನ್ನೋದೇ ಇಲ್ಲ. ಅವನನ್ನು ಏನು ಮಾಡಿದರೂ ಅವಮಾನವಾಗೋದಿಲ್ಲ, ಕತ್ತರಿಸಿದರೆ ಮತ್ತೆ ಬೆಳೆಯುತ್ತಾನೆ. ಆಮೇಲೆ ವುಲ್ವರಿನ್ ಬಂದ. ತನ್ನವರನ್ನು ಉಳಿಸಿಕೊಳ್ಳಲಾಗದ ನಾಚಿಕೆಯಲ್ಲಿ ಕುಡಿಯುತ್ತಾ ಕೂತ ಮುದುಕ. ಅವನ ಪಕ್ಕ ನಿಂತ ಮೇಲೆ ಅದೇ ಹಳೇ ಜೋಕುಗಳು ನಾಟತೊಡಗಿದವು. ಇಬ್ಬರೂ ಕಾರಿನೊಳಗೆ ಕೂತು ಬಡಿದಾಡುವ ಸೀನು ನನಗೆ ಇಷ್ಟವಾದದ್ದು ರಕ್ತಕ್ಕಲ್ಲ. ಅದಕ್ಕೆ ಮೊದಲು ವುಲ್ವರಿನ್ ಬೈಯುವ ಬೈಗುಳ ನಿಜವಾಗಿ ನೋಯಿಸುತ್ತದೆ, ಅದಕ್ಕೆ.

2023ರ 'ಜಾಯ್ ರೈಡ್' ಬಗ್ಗೆ ನನಗೆ ಇನ್ನೂ ಬೇಜಾರಿದೆ. ಅದು ಸೋಲಬಾರದಿತ್ತು. ಅಡೆಲ್ ಲಿಮ್ ನಿರ್ದೇಶನ, ಚೀನಾದಲ್ಲಿ ಅಲೆಯುವ ನಾಲ್ವರು ಏಷ್ಯನ್ ಅಮೆರಿಕನ್ ಸ್ನೇಹಿತರ ಕಥೆ. ನಾಯಕಿ ಆಡ್ರಿ ಬಿಳಿಯರ ಮನೆಯಲ್ಲಿ ದತ್ತು ಮಗಳಾಗಿ ಬೆಳೆದ ವಕೀಲೆ. ತಪ್ಪಿಲ್ಲದ ಹುಡುಗಿ. ಚೀನೀ ಭಾಷೆ ಬರೋದಿಲ್ಲ ಅನ್ನೋದೇ ಅವಳ ಗುಟ್ಟಿನ ನಾಚಿಕೆ. 'ಹ್ಯಾಂಗೋವರ್'ನಲ್ಲಿ ಏಷ್ಯಾದವನ ಮಾತಿನ ಶೈಲಿ ನಗೆಪಾಟಲು. ಇಲ್ಲಿ ಅದೇ ವಿಷಯ ಒಳಗಿನಿಂದ ಬರುತ್ತದೆ. ಮುಖ ನೋಡಿದರೆ ಅಲ್ಲಿಯವಳು, ಬಾಯಿ ತೆಗೆದರೆ ಅಲ್ಲಿಯವಳಲ್ಲ. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ನನ್ನ ಅಕ್ಕನ ಮಗಳು ಹಾಸನದಲ್ಲಿ ಅಜ್ಜಿಯ ಎದುರು ಕೂತು ಕನ್ನಡ ಹುಡುಕಾಡುವಾಗ ಅವಳ ಮುಖದಲ್ಲಿ ಇದೇ ಇರುತ್ತದೆ. ಆ ಸಿನಿಮಾವನ್ನು ಅವಳಿಗೆ ತೋರಿಸಿ ಅಂತ ಮಾತ್ರ ನಾನು ಹೇಳಲಾರೆ, ಅದರಲ್ಲಿ ಬರುವ ಒಂದು ಹಚ್ಚೆಯ ವಿಷಯ ನೆನೆಸಿಕೊಂಡರೆ ಈಗಲೂ ಕಿವಿ ಕೆಂಪಾಗುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ಅಳಿಸುತ್ತಾರೆ, ಹೇಗೆ ಅಂತ ಹೇಳೋದಿಲ್ಲ. ಸುಮಾರು 3.2 ಕೋಟಿ ಡಾಲರ್ ಹಾಕಿದ್ದರು, ಅರ್ಧದಷ್ಟು ಮಾತ್ರ ಬಂತು. ಜುಲೈ 7ಕ್ಕೆ ಬಿಡುಗಡೆ. ಎರಡೇ ವಾರದಲ್ಲಿ 'ಬಾರ್ಬಿ' ಮತ್ತು 'ಓಪನ್‌ಹೈಮರ್' ಬಂದು ಎಲ್ಲವನ್ನೂ ಗುಡಿಸಿಕೊಂಡು ಹೋದವು.

ಗಂಡಸರ ಕಡೆ ನನಗೆ ಹೊಸದು ಅನ್ನಿಸಿದ್ದು ಒಂದೇ, 'ಫ್ರೆಂಡ್‌ಶಿಪ್'. ಅಮೆರಿಕದ ಥಿಯೇಟರುಗಳಿಗೆ ಬಂದದ್ದು 2025ರಲ್ಲಿ. ಪೋಲಿ ಅನ್ನುವುದಕ್ಕಿಂತ ಮೈ ಹಿಂಡುವ ಸಿನಿಮಾ. 2009ರಲ್ಲಿ 'ಐ ಲವ್ ಯು, ಮ್ಯಾನ್' ಅಂತ ಒಂದು ಬಂದಿತ್ತು. ಅದರಲ್ಲಿ ಪಾಲ್ ರಡ್ ಮದುವೆಗೆ ಮೊದಲು ಒಬ್ಬ ಗೆಳೆಯನನ್ನು ಹುಡುಕಿಕೊಂಡು ಹೊರಡುತ್ತಾನೆ, ಸಿಗುತ್ತಾನೆ, ಎಲ್ಲ ಸುಖ. ಹದಿನಾರು ವರ್ಷ ಆದ ಮೇಲೆ ಅದೇ ಪಾಲ್ ರಡ್ ಎಲ್ಲರೂ ಬಯಸುವ ಗೆಳೆಯ. ಅವನ ಸ್ನೇಹಕ್ಕೆ ಹಾತೊರೆಯುವ ನೆರೆಯವನು ಟಿಮ್ ರಾಬಿನ್ಸನ್. ಒಂದು ಸಂಜೆ ಗ್ಯಾಂಗಿನ ಎದುರು ಇವನು ಏನೋ ಎಡವಟ್ಟು ಮಾಡುತ್ತಾನೆ. ಕ್ಷಮೆ ಕೇಳಲು ಸೋಪು ಬಾಯಿಗಿಟ್ಟುಕೊಳ್ಳುತ್ತಾನೆ. ಯಾರೂ ನಗೋದಿಲ್ಲ. ಅಲ್ಲಿಂದ ಮುಂದೆ ಅವನನ್ನು ಬಿಟ್ಟುಬಿಡುತ್ತಾರೆ. ನಲವತ್ತು ದಾಟಿದ ಮೇಲೆ ಹೊಸ ಸ್ನೇಹಿತ ಸಿಗೋದು ಎಷ್ಟು ಕಷ್ಟ ಅಂತ ಗೊತ್ತಿರುವ ಗಂಡಸರು ಇದನ್ನು ಒಬ್ಬರೇ ನೋಡಬಾರದು. ನಾನು ಒಬ್ಬನೇ ನೋಡಿದೆ.

ಒಬ್ಬನೇ ನೋಡೋದೇ ಈಗಿನ ದೊಡ್ಡ ತೊಂದರೆ ಅಂತಲೂ ಅನ್ನಿಸುತ್ತದೆ. ಪೋಲಿ ಜೋಕಿಗೆ ಗುಂಪು ಬೇಕು. ಪಕ್ಕದವನು ನಕ್ಕಾಗ ಮಾತ್ರ ನಮಗೂ ಪರವಾನಗಿ ಸಿಕ್ಕಂತೆ. ರಾತ್ರಿ ಹನ್ನೊಂದಕ್ಕೆ, ಮಗು ಮಲಗಿದ ಮೇಲೆ, ಅತ್ತೆ ಪಕ್ಕದ ರೂಮಿನಲ್ಲಿರುವಾಗ ಇಯರ್‌ಫೋನ್ ಹಾಕಿಕೊಂಡು ನೋಡಿದರೆ ಕಳ್ಳತನ ಮಾಡಿದ ಹಾಗಾಗುತ್ತದೆ. ನಗು ಮೂಗಿನಿಂದ ಹೊರಡುತ್ತದೆ.

ಹಾಗೆ ಕಳ್ಳತನದಲ್ಲಿ ನೋಡುತ್ತಿದ್ದಾಗ ಸಿಕ್ಕಿದ್ದು 'ಒನ್ ಆಫ್ ದೆಮ್ ಡೇಸ್'. 2025ರ ಜನವರಿಯಲ್ಲಿ ಬಂದದ್ದು. ಲಾರೆನ್ಸ್ ಲಾಮಾಂಟ್ ನಿರ್ದೇಶನ, ಸಿರೀಟಾ ಸಿಂಗಲ್ಟನ್ ಬರವಣಿಗೆ. ಕೀಕಿ ಪಾಮರ್ ಮತ್ತು ಗಾಯಕಿ ಸಿಜಾ ಲಾಸ್ ಏಂಜಲೀಸಿನ ಒಂದು ಹಳೇ ವಠಾರದಂಥ ಕಟ್ಟಡದಲ್ಲಿ ಬಾಡಿಗೆಗಿರುವ ಗೆಳತಿಯರು. ತಿಂಗಳ ಮೊದಲ ದಿನ. ಬಾಡಿಗೆ 1500 ಡಾಲರ್ ಕಟ್ಟಬೇಕು. ದುಡ್ಡನ್ನು ಒಬ್ಬಳ ಬಾಯ್‌ಫ್ರೆಂಡ್ ಹಾರಿಸಿಕೊಂಡು ಹೋಗಿದ್ದಾನೆ. ಸಂಜೆಯೊಳಗೆ ಕೊಡದಿದ್ದರೆ ಸಾಮಾನು ಬೀದಿಗೆ. ಅದೇ ದಿನ ಇನ್ನೊಬ್ಬಳಿಗೆ ಬಡ್ತಿಯ ಇಂಟರ್‌ವ್ಯೂ. ಇಷ್ಟೇ ಕಥೆ. ಬಡ್ಡಿ ಸಾಲದ ಅಂಗಡಿಗೆ ಹೋಗುತ್ತಾರೆ, ಅವರ ಕ್ರೆಡಿಟ್ ಸ್ಕೋರ್ ನೋಡಿ ಅಲ್ಲಿಯ ಹುಡುಗಿಗೆ ನಗು ತಡೆಯಲಾಗೋದಿಲ್ಲ. ರಕ್ತ ಮಾರಲು ಹೋಗುತ್ತಾರೆ, ಅಲ್ಲಿ ಆಗುವುದನ್ನು ಬರೆದರೆ ಕೆಡುತ್ತದೆ. ಪಕ್ಕದಲ್ಲಿ ಹೊಸದಾಗಿ ಬಣ್ಣ ಬಳಿದ ಮನೆಗೆ ಒಬ್ಬ ಬಿಳಿ ಹುಡುಗಿ ಬಂದಿದ್ದಾಳೆ. ಅವಳಿಗೆ ಎಲ್ಲ ಸೌಕರ್ಯ, ಇವರಿಗೆ ತಲೆ ಮೇಲೆ ಬೀಳುವ ಸೀಲಿಂಗು. ಆ ಹುಡುಗಿಯ ಪಾತ್ರ ಮಾಡಿದವರು ಮಾಡ್ ಆಪಟೋ, ಅಂದರೆ 'ಸೂಪರ್‌ಬ್ಯಾಡ್' ನಿರ್ಮಿಸಿದ ಜಡ್ ಆಪಟೋ ಮಗಳು. ಕಾಕತಾಳೀಯವೋ ಏನೋ, ನನಗೆ ಖುಷಿಯಾಯಿತು.

'ಹ್ಯಾಂಗೋವರ್' ಹುಡುಗರಿಗೂ ದುಡ್ಡು ಬೇಕಿತ್ತು. 80,000 ಡಾಲರ್. ಒಂದು ಕ್ಯಾಸಿನೋಗೆ ಹೋಗಿ, ಎಲೆ ಲೆಕ್ಕ ಹಾಕಿ, ಒಂದು ಹಾಡು ಮುಗಿಯೋದರೊಳಗೆ ಗೆದ್ದುಕೊಂಡು ಬಂದರು. ಈ ಹುಡುಗಿಯರಿಗೆ 1500 ಹೊಂದಿಸಲು ಇಡೀ ಸಿನಿಮಾ ಸಾಲದು. ಸಿನಿಮಾದ ಬಜೆಟ್ಟೂ ಹಾಗೇ, 1.4 ಕೋಟಿ ಡಾಲರ್. ಸುಮಾರು 5 ಕೋಟಿ ಡಾಲರ್ ಗಳಿಸಿತು. ಐಷಾರಾಮಿ ಹೋಟೆಲಿನಲ್ಲಿ ಎಚ್ಚರವಾಗುತ್ತಿದ್ದ ಪೋಲಿ ಹಾಸ್ಯ ಈಗ ಬಾಡಿಗೆ ಮನೆಗೆ ಬಂದಿದೆ. ಇವರ ಪೋಲಿ ಮಾತು ಮಜಾಕ್ಕಲ್ಲ, ಹೆದರಿಕೆಗೆ. ಕೈಯಲ್ಲಿ ಕಾಸಿಲ್ಲದವರು ಬಾಯಲ್ಲಾದರೂ ಜೋರಾಗಿರಬೇಕಲ್ಲ.

ರಕ್ತದ ಸೀನಿಗೆ ನಗು ಮೂಗಿನಿಂದ ಹೊರಡಲು ಆಗಲಿಲ್ಲ, ಬಾಯಿಂದಲೇ ಬಂತು. ಹೆಂಡತಿಗೆ ಎಚ್ಚರವಾಯಿತು. "ಏನ್ರೀ ಅದು?" ಅಂತ ಎದ್ದು ಕೂತಳು. ಸ್ಕ್ರೀನಿನ ತುಂಬ ರಕ್ತ, ಅದರಲ್ಲಿ ಜಾರುತ್ತಿರುವ ಹೆಂಗಸು. "ಇದರಲ್ಲಿ ನಗೋದೇನಿದೆ?" ಅಂದಳು. ಬಾಡಿಗೆಯ ಕಥೆ ಹೇಳಿದೆ. 1500 ಡಾಲರ್ ಅಂದರೆ ಸುಮಾರು ಒಂದೂಕಾಲು ಲಕ್ಷ ಅಂತಲೂ ಹೇಳಿದೆ. "ಅಯ್ಯೋ" ಅಂದಳು, ಕನ್ನಡಕ ಹುಡುಕಿ ಹಾಕಿಕೊಂಡಳು, ಒಂದು ಇಯರ್‌ಫೋನ್ ಕಿತ್ತುಕೊಂಡಳು. ನಾವು ಮದುವೆಯಾದ ಹೊಸದರಲ್ಲಿ ನಾಗರಭಾವಿಯಲ್ಲಿ ಒಂದು ಮನೆಯಲ್ಲಿದ್ದೆವು. ತಿಂಗಳ ಐದನೇ ತಾರೀಕು ಮಾಲೀಕರ ಚಪ್ಪಲಿ ಸದ್ದು ಕೇಳಿದರೆ ಇಬ್ಬರೂ ಲೈಟ್ ಆರಿಸಿ ಕೂರುತ್ತಿದ್ದೆವು. ಅದನ್ನು ಇಬ್ಬರೂ ಎತ್ತಲಿಲ್ಲ. ಪೋಲಿ ಮಾತುಗಳಿಗೆಲ್ಲ ಅವಳು ಮುಖ ಗಂಟು ಹಾಕಿದಳು, ಎರಡು ಕಡೆ ನನಗಿಂತ ಮೊದಲೇ ನಕ್ಕಳು, ಮನೆಯ ಸಾಮಾನು ಹೊರಗೆ ಇಟ್ಟಾಗ ನನ್ನ ತೋಳು ಹಿಡಿದುಕೊಂಡಳು.

ಮುಗಿದಾಗ ಒಂದು ಗಂಟೆ ದಾಟಿತ್ತು. ಟ್ಯಾಬ್ ಆರಿಸಿ ಮಲಗಿದೆವು. ಸ್ವಲ್ಪ ಹೊತ್ತಿನ ಮೇಲೆ ಕತ್ತಲಲ್ಲಿ ಕೇಳಿದಳು, "ರೀ, ಬಾಡಿಗೆ ಸರಿ. ಅಡ್ವಾನ್ಸ್ ಎಷ್ಟು ಕೊಟ್ಟಿದ್ರಂತೆ?"

"ಅದನ್ನು ಸಿನಿಮಾದಲ್ಲಿ ಹೇಳಲ್ಲ" ಅಂದೆ.

"ಅದೊಂದು ಕೇಳಿದ್ರೆ ಸಾಕಿತ್ತಲ್ಲ. ಈ ತಿಂಗಳದ್ದು ಅಡ್ವಾನ್ಸಲ್ಲೇ ಹಿಡ್ಕೊಳ್ಳಿ ಅಂದಿದ್ರೆ ಮುಗೀತಿತ್ತು. ಅಷ್ಟಕ್ಕೆ ರಕ್ತ ಮಾರೋಕೆ ಹೋದ್ರಾ?"